ತೂಗುದೀಪ ಹಿಡಿದು ಜೀಕಿದವಳು

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಒಂದು ಆಟ ಹೊರತಂದರು. ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಮೇಜಿನ ಸುತ್ತ ಕೂತು ಮಾತಿನಲ್ಲೇ ಕಥೆ ಕಟ್ಟುವ ಆಟ. ಒಬ್ಬರು ಸನ್ನಿವೇಶ ಹೇಳಿ ಆಟ ನಡೆಸುತ್ತಾರೆ. ಉಳಿದವರದು ಒಂದೊಂದು ಪಾತ್ರ.

ಹೆಂಡದಂಗಡಿಯಲ್ಲಿ ಜಗಳ ಎದ್ದಿದೆ ಅಂದುಕೊಳ್ಳಿ. ಬಾಗಿಲಲ್ಲಿ ಕಾವಲುಗಾರ. ಆಟಗಾರ್ತಿಯೊಬ್ಬಳು ಥಟ್ಟನೆ ಕೇಳುತ್ತಾಳೆ, "ಮೇಲೆ ತೂಗುದೀಪ ಇದೆಯಲ್ಲ, ಅದನ್ನು ಹಿಡಿದು ಜೀಕಿ ಆಚೆ ಹಾರಲಾ?"

ಇಂಥದ್ದನ್ನೆಲ್ಲ ಯಾವ ನಿಯಮ ಬರೆದಿಟ್ಟೀತು? "ಆಗಲ್ಲ" ಎಂದುಬಿಡುವುದು ಸುಲಭ. ಆದರೆ ಆಕೆ ಆ ಸಂಜೆ ಮತ್ತೆ ತಲೆ ಎತ್ತಿ ಚಾವಣಿ ನೋಡುವುದಿಲ್ಲ. ಹಾಗೆಂದು ಸುಮ್ಮನೆ ಒಪ್ಪಿಕೊಂಡರೂ ಸಾಹಸಕ್ಕೆ ಬೆಲೆಯಿಲ್ಲ.

ಆಟ ಬಲ್ಲವರು ಕ್ಷಣ ಯೋಚಿಸುತ್ತಾರೆ. "ಸರಿ, 15 ಅಥವಾ ಹೆಚ್ಚು ಬರಬೇಕು. ತಪ್ಪಿದರೆ ಮೇಜಿನ ಮೇಲೆ ಬೀಳ್ತೀಯ." ಹೀಗೆಂದು 20 ಮುಖದ ದಾಳ ಕೈಗಿಡುತ್ತಾರೆ. ಅಪಾಯವನ್ನು ಮೊದಲೇ ತಿಳಿಸಿ, ಆಯ್ಕೆಯನ್ನು ಆಕೆಗೇ ಬಿಡುವ ಈ ರೀತಿ ನನಗೆ ಬಹಳ ಹಿಡಿಸುತ್ತದೆ. ಅದರಲ್ಲಿ ಗೌರವವಿದೆ. ನಮ್ಮ ತಾಳಮದ್ದಳೆಯಲ್ಲೂ ಹಾಗೇ ಅಲ್ಲವೇ? ಎದುರಿನವರು ಎಣಿಸದ ಮಾತು ಎತ್ತಿದರೆ ನುರಿತ ಅರ್ಥಧಾರಿ ಅದನ್ನು ಬದಿಗೊತ್ತುವುದಿಲ್ಲ. ಅಲ್ಲಿಂದಲೇ ಪ್ರಸಂಗ ಬೆಳೆಸುತ್ತಾರೆ.

ದಾಳ ಉರುಳಿತು. 12. ಆಕೆ ಮೇಜಿನ ಮೇಲೆ ಧೊಪ್ಪನೆ ಬಿದ್ದಳು. ಹೂಜಿಗಳು ಒಡೆದವು. ಸದ್ದಿಗೆ ಕಾವಲುಗಾರ ಬಾಗಿಲು ಬಿಟ್ಟು ಒಳಗೆ ಓಡಿಬಂದ.

ಪಕ್ಕದ ಹುಡುಗ ಮೆಲ್ಲಗೆ ಕೇಳಿದ, "ಈಗ ನಾನು ನುಸುಳಲಾ?"