ಮೂಗು ತಿದ್ದಿಸಲು ಇಲ್ಲೆಷ್ಟು, ಅಲ್ಲೆಷ್ಟು?



ಡಿಸೆಂಬರ್ ಬಂತೆಂದರೆ ಬೆಂಗಳೂರು ದಂಡು ಪ್ರದೇಶದ ರಿಚರ್ಡ್ಸ್ ಟೌನಿನ ಮನೆಗಳು ತುಂಬಿಕೊಳ್ಳುತ್ತವೆ. ಮೆಲ್ಬರ್ನ್, ಲಂಡನ್, ದುಬೈ, ಟೊರಾಂಟೊಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳು ಕ್ರಿಸ್‌ಮಸ್ ರಜೆಗೆ ಊರಿಗೆ ಬರುತ್ತಾರೆ. ಕಮರ್ಷಿಯಲ್ ಸ್ಟ್ರೀಟಿನ ದರ್ಜಿ, ಹಲ್ಲಿನ ಡಾಕ್ಟರು, ಕನ್ನಡಕದ ಅಂಗಡಿ, ಇವಿಷ್ಟು ಅವರ ರಜೆಯ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದವು. ಈಗ ಕೆಲವರ ಪಟ್ಟಿಗೆ ಮುಖದ ಶಸ್ತ್ರಚಿಕಿತ್ಸೆಯೂ ಸೇರಿಕೊಂಡಿದೆ. ಮೂಗಿನ ಮೇಲಿನ ಗಂಟು ತೆಗೆಸುವುದು, ಜೋತುಬಿದ್ದ ಕಣ್ರೆಪ್ಪೆ ಎತ್ತಿಸುವುದು, ಕೆನ್ನೆ ಕತ್ತಿನ ಸಡಿಲ ಚರ್ಮ ಬಿಗಿ ಮಾಡಿಸುವ ಫೇಸ್‌ಲಿಫ್ಟ್. ಅಲ್ಲಿಗಿಂತ ಇಲ್ಲಿ ಅಗ್ಗ ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಎಷ್ಟು ಅಗ್ಗ, ಯಾಕೆ ಅಗ್ಗ, ಲೆಕ್ಕಕ್ಕೆ ಬಾರದೆ ಉಳಿಯುವ ಖರ್ಚು ಯಾವುದು, ಇದನ್ನು ಇವತ್ತು ನೋಡೋಣ.

ಮೊದಲು ಅಂಕಿಗಳು. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘ 2020ರಲ್ಲಿ ಕೊಟ್ಟ ಲೆಕ್ಕದಂತೆ ಮೂಗಿನ ಶಸ್ತ್ರಚಿಕಿತ್ಸೆಗೆ ಅಲ್ಲಿನ ಸರ್ಜನ್ನರ ಸರಾಸರಿ ಶುಲ್ಕ 5,483 ಡಾಲರ್, ಫೇಸ್‌ಲಿಫ್ಟ್‌ಗೆ 8,005 ಡಾಲರ್. ಆ ವರ್ಷದ ವಿನಿಮಯ ದರದಲ್ಲಿ ಮೂಗಿಗೆ ಸುಮಾರು ನಾಲ್ಕು ಲಕ್ಷ ರೂಪಾಯಿ, ಫೇಸ್‌ಲಿಫ್ಟ್‌ಗೆ ಹತ್ತಿರ ಹತ್ತಿರ ಆರು ಲಕ್ಷ. ಗಮನಿಸಿ, ಇದು ಸರ್ಜನ್ನರ ಕೈಗೆ ಹೋಗುವ ಹಣ ಮಾತ್ರ. ಅರಿವಳಿಕೆ, ಆಪರೇಷನ್ ಥಿಯೇಟರಿನ ಬಾಡಿಗೆ, ಔಷಧ ಬೇರೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ತನ್ನ ಜನರಿಗೆ ಕೊಡುವ ಮಾಹಿತಿಯಲ್ಲಿ ಮೂಗಿನ ಶಸ್ತ್ರಚಿಕಿತ್ಸೆಗೆ ಖಾಸಗಿಯಾಗಿ 4,000ದಿಂದ 7,000 ಪೌಂಡ್ ಆಗಬಹುದು ಎನ್ನುತ್ತದೆ. ಪೌಂಡಿಗೆ 110 ರೂಪಾಯಿ ಹಿಡಿದರೂ ನಾಲ್ಕೂವರೆ ಲಕ್ಷದಿಂದ ಏಳೂಮುಕ್ಕಾಲು ಲಕ್ಷದ ಆಸುಪಾಸು. ಇದೇ ಕೆಲಸಕ್ಕೆ ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ದರ ಒಂದರಿಂದ ಎರಡೂವರೆ ಲಕ್ಷ.

ಇಷ್ಟು ಅಂತರ ಇದ್ದ ಮೇಲೆ ಇಲ್ಲಿನ ಕೆಲಸ ಎರಡನೇ ದರ್ಜೆಯದೇ ಎಂಬ ಅನುಮಾನ ಸಹಜ. ಆ ಅನುಮಾನಕ್ಕೆ ಆಧಾರವಿಲ್ಲ. ಶಸ್ತ್ರಚಿಕಿತ್ಸೆಯ ಬಿಲ್ಲಿನ ದೊಡ್ಡ ಪಾಲು ಮನುಷ್ಯರ ಸಮಯದ ಬೆಲೆ: ಸರ್ಜನ್, ಅರಿವಳಿಕೆ ತಜ್ಞರು, ನರ್ಸು, ಥಿಯೇಟರ್ ಸಿಬ್ಬಂದಿ. ಆ ಬೆಲೆ ನಮ್ಮಲ್ಲಿ ಕಡಿಮೆ. ಅಮೆರಿಕದ ಸರ್ಜನ್ ಮೊಕದ್ದಮೆಗಳಿಗೆ ಹೆದರಿ ಕಟ್ಟುವ ದುಬಾರಿ ವಿಮೆಯ ಕಂತೂ ಅಲ್ಲಿನ ರೋಗಿಯ ಮೇಲೆಯೇ ಬೀಳುತ್ತದೆ. ಆದರೆ ಹೊರದೇಶದಿಂದ ತರಿಸುವ ಸಾಮಾನಿನ ಬೆಲೆ ಎಲ್ಲಿದ್ದರೂ ಹೆಚ್ಚು ಕಡಿಮೆ ಒಂದೇ. ಆದ್ದರಿಂದಲೇ ಬೊಟಾಕ್ಸ್, ಫಿಲ್ಲರುಗಳಂಥ ಸೂಜಿಮದ್ದಿನಲ್ಲಿ ಇಲ್ಲಿಗೂ ಅಲ್ಲಿಗೂ ಅಷ್ಟು ದೊಡ್ಡ ಅಂತರ ಕಾಣುವುದಿಲ್ಲ. ಸರ್ಜನ್ನರ ಕೈಕೆಲಸ ಹೆಚ್ಚಿದ್ದಷ್ಟೂ ಉಳಿತಾಯ ಹೆಚ್ಚು.

ಕೈಕೆಲಸ ಎಂದಾಗ ನಮ್ಮ ನಾಡಿಗೆ ತಾಗಿದ ಒಂದು ಹಳೆಯ ಪ್ರಕರಣ ಹೇಳಲೇಬೇಕು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆ ಕೌಸಜಿ ಎಂಬ ಮರಾಠ ಎತ್ತಿನ ಗಾಡಿಯವನ ವೃತ್ತಾಂತ ಪ್ರಕಟಿಸಿತು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಜೊತೆಗಿದ್ದ ಅವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು ಎಂದು ಆ ವರದಿ ಹೇಳುತ್ತದೆ. ವರ್ಷಕ್ಕೂ ಮೇಲೆ ಮೂಗಿಲ್ಲದೆ ಬದುಕಿದವನಿಗೆ ಪುಣೆಯ ಬಳಿ ಇಟ್ಟಿಗೆ ಸುಡುವ ಕಸುಬಿನ ಒಬ್ಬಾತ ಹೊಸ ಮೂಗು ಕಟ್ಟಿಕೊಟ್ಟ.

ಆತ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಕೇಳಿ. ಮೇಣದ ತೆಳುಹಾಳೆಯನ್ನು ಮೊಂಡುಮೂಗಿನ ಮೇಲಿಟ್ಟು ಚೆಂದದ ಮೂಗಿನ ಆಕಾರ ತೆಗೆದ. ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯೊಳಗಿನ ಚರ್ಮ ಬಿಡಿಸಿದ, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿ ಕತ್ತರಿಸದೆ ಉಳಿಸಿದ. ರಕ್ತ ಹರಿಯುವ ದಾರಿ ಅದೇ. ಚರ್ಮವನ್ನು ತಿರುಗಿಸಿ ಕೆಳಗಿಳಿಸಿ ಮೂಗಿನ ಅಂಚಿಗೆ ಕೂಡಿಸಿ, ನೀರಿನಲ್ಲಿ ಮೆದು ಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ ಮೇಲೆ ಅಂಟಿಸಿದ. ನಾಲ್ಕು ದಿನ ಮುಟ್ಟಲಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ರೋಗಿ ಅಂಗಾತ ಮಲಗಿರಬೇಕು. ಹತ್ತನೇ ದಿನ ಹೊಳ್ಳೆ ಮುಚ್ಚದಂತೆ ಮೆತ್ತನೆಯ ಬಟ್ಟೆಯ ಚೂರು ತುರುಕಿದ. ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿದ್ದು ಸುಮಾರು ಇಪ್ಪತ್ತೈದನೇ ದಿನ. ಈ ವರದಿ ಓದಿದ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಇದೇ ಕ್ರಮದ ಶಸ್ತ್ರಚಿಕಿತ್ಸೆ ಮಾಡಿ, 1816ರಲ್ಲಿ ಪುಸ್ತಕ ಬರೆದರು. ಹಣೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಇವತ್ತಿಗೂ ಜಗತ್ತಿನ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ಇಪ್ಪತ್ತೈದು ದಿನ. ಕತ್ತರಿಸಿ ಕೂಡಿಸುವುದು ಸ್ವಲ್ಪ ಹೊತ್ತಿನ ಕೆಲಸ. ಕಾದು ನೋಡಿ ತಿದ್ದುವ ಕೆಲಸ ವಾರಗಟ್ಟಲೆಯದು. ಇಂದಿನ ಮೂಗಿನ ಶಸ್ತ್ರಚಿಕಿತ್ಸೆಯಲ್ಲೂ ಮೇಲೆ ಕಟ್ಟಿದ ಪಟ್ಟಿ ಒಂದು ವಾರಕ್ಕೆ ಬಿಚ್ಚುತ್ತಾರೆ, ಆದರೆ ಒಳಗಿನ ಊತ ಪೂರ್ತಿ ಇಳಿಯಲು ತಿಂಗಳುಗಳು ಬೇಕು, ಕೆಲವರಿಗೆ ಒಂದು ವರ್ಷವೇ ಹಿಡಿಯುತ್ತದೆ. ಆಕಾರ ಸರಿಬಂದಿಲ್ಲ ಎನಿಸಿದರೂ ಮತ್ತೆ ಕೈಹಾಕಲು ಸಾಮಾನ್ಯವಾಗಿ ವರ್ಷ ಕಾಯಿರಿ ಎನ್ನುತ್ತಾರೆ. ಮೂರು ವಾರದ ರಜೆಗೆ ಬಂದವರು ಆ ಹೊತ್ತಿಗೆ ಎಲ್ಲಿರುತ್ತಾರೆ? ಮೂಗು ಮೆಲ್ಬರ್ನಿನಲ್ಲಿ, ಮಾಡಿದ ಡಾಕ್ಟರು ಬೆಂಗಳೂರಿನಲ್ಲಿ. ಬೇರೊಬ್ಬರು ಮಾಡಿದ ಕೆಲಸಕ್ಕೆ ಕೈಹಾಕಲು ಅಲ್ಲಿನ ಸರ್ಜನ್ನರು ಹಿಂಜರಿಯುತ್ತಾರೆ, ಒಪ್ಪಿದರೂ ಎರಡನೇ ಸಲದ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಷ್ಟ, ಖರ್ಚೂ ಜಾಸ್ತಿ. ಉಳಿಸಿದ ಹಣ ಅಲ್ಲಿಗೆ ಮುಗಿಯಿತು.

ವಿಮಾನದ ಮಾತೂ ಇದೆ. ಶಸ್ತ್ರಚಿಕಿತ್ಸೆಯಿಂದಲೂ ದೀರ್ಘ ವಿಮಾನ ಪ್ರಯಾಣದಿಂದಲೂ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಬಂದರೆ ಇನ್ನೂ ಹೆಚ್ಚು. ಮುಖದ ಶಸ್ತ್ರಚಿಕಿತ್ಸೆಯಾದ ಮೇಲೆ ಏಳರಿಂದ ಹತ್ತು ದಿನ ವಿಮಾನ ಹತ್ತಬೇಡಿ ಎಂಬುದು ಬ್ರಿಟನ್ನಿನ ಆರೋಗ್ಯ ಸೇವೆಯ ಸಲಹೆ. ವಿದೇಶಿ ಪಾಸ್‌ಪೋರ್ಟಿನವರು ಚಿಕಿತ್ಸೆಗೆಂದೇ ಬರುವುದಾದರೆ ಭಾರತದ ಇ-ಮೆಡಿಕಲ್ ವೀಸಾ ಅರವತ್ತು ದಿನದ್ದು. ನನ್ನ ಅಭಿಪ್ರಾಯ ಕೇಳಿದರೆ, ಅರವತ್ತರಲ್ಲಿ ನಲವತ್ತು ದಿನವಾದರೂ ಡಾಕ್ಟರ ಕೈಯಳತೆಯಲ್ಲಿ ಇರಲಾಗದವರು ಈ ಉಳಿತಾಯದ ಆಸೆ ಬಿಡುವುದು ಒಳ್ಳೆಯದು.

ಊರಲ್ಲೇ ಇರುವವರ ಲೆಕ್ಕ ಬೇರೆ. ಅವರು ಮೊದಲು ಕೇಳಬೇಕಾದ್ದು ತೆರಿಗೆ. ಆರೋಗ್ಯ ಸೇವೆಗೆ ಜಿಎಸ್‌ಟಿ ಇಲ್ಲ ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಕೂದಲು ನಾಟಿ, ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿ ಆ ವಿನಾಯಿತಿಯಿಂದ ಹೊರಗೆ. ಶೇಕಡಾ 18 ತೆರಿಗೆ. ಎರಡು ಲಕ್ಷದ ಬಿಲ್ಲಿಗೆ ಮೂವತ್ತಾರು ಸಾವಿರ. ಹುಟ್ಟಿನಿಂದ ಬಂದ ಊನ, ಬೆಳವಣಿಗೆಯ ದೋಷ, ಪೆಟ್ಟು, ಅಪಘಾತ, ಇವುಗಳಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಾದರೆ ಮಾತ್ರ ತೆರಿಗೆ ಇಲ್ಲ. ಆರೋಗ್ಯ ವಿಮೆಯದೂ ಇದೇ ದಾರಿ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ಮರುರಚನೆ ಅಥವಾ ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆ ಇದ್ದರೆ ವಿಮೆ ಕೊಡುತ್ತದೆ, ಚೆಂದಕ್ಕೆಂದು ಮಾಡಿಸಿದರೆ ಕೊಡುವುದಿಲ್ಲ. ಉಸಿರಾಟಕ್ಕೆ ಅಡ್ಡಿಯಾಗುವ ಮೂಗಿನ ನಡುಗೋಡೆ ನೆಟ್ಟಗೆ ಮಾಡಿಸುವುದೂ ಮೇಲಿನ ಗಂಟು ತೆಗೆಸುವುದೂ ಒಂದೇ ಮೇಜಿನ ಮೇಲೆ ಒಂದೇ ಸಲ ಆಗಬಹುದು. ಬಿಲ್ಲು ಮಾತ್ರ ಎರಡು ಪಾಲಾಗಿ ಬರಬೇಕು. ಎಲ್ಲವನ್ನೂ ನಡುಗೋಡೆಯ ಖಾತೆಗೆ ಬರೆಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ವಂಚನೆ.

ಸೀಳುತುಟಿ, ಸೀಳು ಅಂಗುಳಿನ ಮಕ್ಕಳಿಗೆ ಈ ಖರ್ಚಿನ ಚಿಂತೆಯೇ ಬೇಡ. ರಿಚರ್ಡ್ಸ್ ಟೌನಿನಿಂದ ದೂರವಿಲ್ಲದ ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ಇಂಥ ಮಕ್ಕಳ ಚಿಕಿತ್ಸೆಯ ಕೇಂದ್ರವಿದೆ, ಧಾರವಾಡದ ಎಸ್‌ಡಿಎಂ ಆಸ್ಪತ್ರೆಯಲ್ಲೂ ಇದೆ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿನಿಂದಲೂ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದಲೂ ಉಚಿತ ಶಸ್ತ್ರಚಿಕಿತ್ಸೆ ಸಿಗುತ್ತದೆ. ಗೊತ್ತಿಲ್ಲದೆ ಸಾಲ ಮಾಡುವ ತಾಯಿ ತಂದೆಯರಿಗೆ ದಯವಿಟ್ಟು ಇದನ್ನು ತಿಳಿಸಿ.

ಬೆಂಗಳೂರಿನಿಂದ ಬ್ಯಾಂಕಾಕ್, ಸೋಲ್, ಇಸ್ತಾಂಬುಲ್‌ಗೆ ಹೋಗುವವರೂ ಇದ್ದಾರೆ. ಟಿಕೆಟ್ಟು, ಹೋಟೆಲು, ಜೊತೆಗೊಬ್ಬರ ಖರ್ಚು ಸೇರಿಸಿದರೆ ಅಲ್ಲಿ ಹಣ ಉಳಿಯುವುದು ಕಡಿಮೆ.

ಇನ್ನು ನಮ್ಮೂರಿನೊಳಗೇ ಇರುವ ಅಪಾಯದ ಮಾತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ದಾಖಲಾಗಿ ಅದೇ ದಿನ ತೀರಿಕೊಂಡರು. ಅಷ್ಟು ಚಿಕ್ಕ ಜೀವ. ಅರಿವಳಿಕೆ ಕೊಟ್ಟ ಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ನೋಡಿಕೊಳ್ಳುವ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿ ಇದೆಯೇ ಎಂಬ ಪ್ರಶ್ನೆಯನ್ನು ದರ ಕೇಳುವ ಮುಂಚೆಯೇ ಕೇಳಬೇಕು.

ಆದ್ದರಿಂದ ಮುಂಗಡ ಕೊಡುವ ಮುನ್ನ ಇಷ್ಟು ಮಾಡಿ. ಡಾಕ್ಟರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿಯಂಥ ಪದವಿ ಇದೆಯೇ ನೋಡಿ, ಅವರ ನೋಂದಣಿಯನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಪರಿಶೀಲಿಸಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಪ್ರಕಾರ ನೋಂದಣಿ ಪತ್ರ ಮತ್ತು ದರಪಟ್ಟಿ ಜನರಿಗೆ ಕಾಣುವಂತೆ ಇರಬೇಕು, ಇಲ್ಲದಿದ್ದರೆ ಕೇಳಿ. ಸರ್ಜನ್ ಶುಲ್ಕ, ಅರಿವಳಿಕೆ, ಥಿಯೇಟರ್, ಜಿಎಸ್‌ಟಿ, ಒಂದು ವರ್ಷದ ಮರುಭೇಟಿಗಳು, ತಿದ್ದುಪಡಿ ಬೇಕಾದರೆ ಯಾರ ಖರ್ಚು, ಇದೆಲ್ಲ ಒಂದೇ ಹಾಳೆಯಲ್ಲಿ ಬರೆಸಿ ಸಹಿ ಮಾಡಿಸಿಕೊಳ್ಳಿ. ಬರೆದುಕೊಡಲು ಒಪ್ಪದ ಕಡೆ ನಿಮ್ಮ ಮುಖವನ್ನು ಒಪ್ಪಿಸಬೇಡಿ.