ಪ್ರಮಾಣಪತ್ರಕ್ಕಿಂತ ಮೊದಲು ಅರಿವು

(ಬಂಗಾರಪೇಟೆಯ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಕಾಯಕದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಅಪ್ಪಣೆಯಾಗಿದೆ. ಕಾಯಕ ತತ್ವವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದಾರೆ. ನಾನು ಸರ್ಕಾರದ ಎಂಜಿನಿಯರಾಗಿ ದುಡಿದು ನಿವೃತ್ತನಾದವನು. ಹಾಗಾಗಿ ನನಗೆ ಗೊತ್ತಿರುವ ಒಂದು ವಿಷಯವನ್ನೇ ಎತ್ತಿಕೊಂಡಿದ್ದೇನೆ. ಕೆಲಸದಲ್ಲಿದ್ದುಕೊಂಡೇ ಕಂಪ್ಯೂಟರ್ ಕ್ಷೇತ್ರದ ಸರ್ಟಿಫಿಕೇಟ್ ಪರೀಕ್ಷೆಗಳಿಗೆ ಓದುವ ನಮ್ಮ ಮಕ್ಕಳ ವಿಷಯ ಅದು.

ಬೆಳಗಿನ ಜಾವ ನಮ್ಮ ಸ್ಟೇಷನ್ನಿಗೆ ಹೋಗಿ ನೋಡಿ. ಮಾರಿಕುಪ್ಪಂ ಕಡೆಯಿಂದ ಬರುವ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರು ಇಲ್ಲಿಂದ ಸುಮಾರು 70 ಕಿಲೋಮೀಟರ್. 2001ರ ಫೆಬ್ರವರಿ 28ರಂದು ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟದ್ದು ಈ ರೈಲು. ಆ ನೂಕುನುಗ್ಗಲಿನಲ್ಲೂ ನಿಂತುಕೊಂಡೇ ಫೋನಿನಲ್ಲಿ ಪಾಠ ಕೇಳುವ ಹುಡುಗರಿದ್ದಾರೆ, ನೋಟ್ಸ್ ತಿರುವಿಹಾಕುವ ಹೆಣ್ಣುಮಕ್ಕಳಿದ್ದಾರೆ. ಅವರನ್ನು ಕಂಡಾಗ ನನಗೆ ಸಂತೋಷವೂ ಆಗುತ್ತದೆ, ಸ್ವಲ್ಪ ಅಂಜಿಕೆಯೂ ಆಗುತ್ತದೆ. ಆ ಅಂಜಿಕೆ ಏಕೆಂದು ಹೇಳುತ್ತೇನೆ.

ದುಡಿಯುತ್ತಾ ಪರೀಕ್ಷೆ ಕಟ್ಟುವುದು ಈ ನೆಲಕ್ಕೆ ಹೊಸದಲ್ಲ. ಗಣಿಯಲ್ಲಿ ಮೇಟ್, ಬ್ಲಾಸ್ಟರ್, ಫೋರ್‌ಮನ್, ವೈಂಡಿಂಗ್ ಎಂಜಿನ್ ಡ್ರೈವರ್ ಆಗಬೇಕಾದರೆ 1961ರ ಲೋಹಗಣಿ ನಿಯಮಾವಳಿಯ ಪ್ರಕಾರ ಸಾಮರ್ಥ್ಯದ ಸರ್ಟಿಫಿಕೇಟ್ ಬೇಕಿತ್ತು. ಆ ಪರೀಕ್ಷೆಗೆ ಕೂರುವ ಮೊದಲು ಕೆಲಸ ಮಾಡಿದ ಅನುಭವ ತೋರಿಸಬೇಕಿತ್ತು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಕೇಜಿನೊಳಗೆ ನಿಂತವರ ಜೀವ ಮೇಲೆ ಎಂಜಿನ್ ಹಿಡಿದವನ ಕೈಯಲ್ಲಿರುತ್ತಿತ್ತು. ಗಂಟೆಯ ಸಂಕೇತ ಕೇಳಿದೊಡನೆ ಅವನ ಕೈ ತಪ್ಪಿಲ್ಲದೆ ಓಡಬೇಕು. ಉತ್ತರ ಬಾಯಿಪಾಠ ಮಾಡಿ ಪಾಸಾದವನ ಕೈಗೆ ಆ ಎಂಜಿನ್ ಕೊಟ್ಟು ಕೇಜಿನೊಳಗೆ ನಿಲ್ಲುವ ಧೈರ್ಯ ಯಾರಿಗಿತ್ತು?

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಾನಿದ್ದ ಕಚೇರಿಗೆ ಕಂಪ್ಯೂಟರ್‌ಗಳು ಬಂದವು, ಅವುಗಳಿಗೆ ನೆಟ್‌ವರ್ಕ್ ಎಳೆದರು. ಬಿ.ಇ. ಮಾಡಿದವನು ನಾನು, ಹುಡುಗರ ಮುಂದೆ ಹಿಂದೆ ಬೀಳಬಾರದೆಂಬ ಹಮ್ಮು. ಬೆಂಗಳೂರಿನಲ್ಲಿ ನೆಟ್‌ವರ್ಕಿಂಗ್ ಪರೀಕ್ಷೆಗೆ ಹಣ ಕಟ್ಟಿದೆ. ಓದಲು ಸಮಯ ಸಾಲಲಿಲ್ಲ. ಯಾರೋ ಪ್ರಶ್ನೋತ್ತರಗಳ ಒಂದು ಕಟ್ಟು ತಂದುಕೊಟ್ಟರು. ಹಿಂದಿನ ಪರೀಕ್ಷೆಗಳಿಂದ ಕದ್ದು ಬರೆದುಕೊಂಡ ಪ್ರಶ್ನೆಗಳು ಅವು. ಹತ್ತು ದಿನ ಬಾಯಿಪಾಠ ಮಾಡಿದೆ, ಪಾಸಾದೆ. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ನನ್ನ ಕುರ್ಚಿಯ ಹಿಂದೆ ತೂಗುಹಾಕಿದೆ.

ಮಾರ್ಚ್ ಕೊನೆಯ ವಾರ ಬಂತು. ಸರ್ಕಾರಿ ಕಚೇರಿಯಲ್ಲಿ ಮಾರ್ಚ್ ಕೊನೆ ಎಂದರೆ ಏನೆಂದು ಗುತ್ತಿಗೆದಾರರಿಗೂ ಗೊತ್ತು, ಗುಮಾಸ್ತರಿಗೂ ಗೊತ್ತು. ಬಿಲ್ಲುಗಳು ರಾಶಿ ಬಿದ್ದಿದ್ದಾಗ ಇಡೀ ನೆಟ್‌ವರ್ಕ್ ನಿಂತುಹೋಯಿತು. ಎಲ್ಲರೂ ನನ್ನ ಗೋಡೆಯ ಕಡೆ ನೋಡಿದರು. ನಾನು ಒಂದು ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಇನ್ನೊಂದನ್ನು ಆರಿಸಿ ಹಚ್ಚಿದೆ. ಮಧ್ಯಾಹ್ನವಾಯಿತು. ನನಗೆ ಏನೂ ಹೊಳೆಯಲಿಲ್ಲ.

ಗುತ್ತಿಗೆ ಮೇಲೆ ಡಾಟಾ ಎಂಟ್ರಿ ಮಾಡಲು ಕೆ.ಜಿ.ಎಫ್.ನಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ಕಾರ್ಮಿಕನ ಮಗ. ರೈಲಿನಲ್ಲಿ ಜೆರಾಕ್ಸ್ ಪುಸ್ತಕ ಓದುತ್ತಾ ಅದೇ ಪರೀಕ್ಷೆಗೆ ತಯಾರಾಗುತ್ತಿದ್ದ. ಅವನು ಮೂಲೆಯಲ್ಲಿದ್ದ ಸ್ವಿಚ್ಚಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅದರ ದೀಪಗಳನ್ನು ನೋಡಿದ. ಎಲ್ಲವೂ ಒಂದೇ ಸಮನೆ ಹುಚ್ಚು ಹಿಡಿದ ಹಾಗೆ ಮಿಣುಕುತ್ತಿದ್ದವು. ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಾ ಹೋದ. ಒಂದು ತಂತಿ ಕಿತ್ತೊಡನೆ ದೀಪಗಳು ಶಾಂತವಾದವು. ನೆಲ ಒರೆಸುವಾಗ ಬಿಚ್ಚಿ ಬಿದ್ದಿದ್ದ ತುದಿಯನ್ನು ಯಾರೋ ತಿರುಗಿ ಅದೇ ಸ್ವಿಚ್ಚಿಗೆ ಸಿಕ್ಕಿಸಿದ್ದರು. ತಂತಿಯ ಎರಡೂ ತುದಿ ಒಂದರಲ್ಲೇ ಸೇರಿ, ಸಂದೇಶಗಳು ಹೊರಗೆ ಹೋಗದೆ ಸುತ್ತುತ್ತಾ ಹೆಚ್ಚುತ್ತಾ ಇಡೀ ಕಚೇರಿಯನ್ನು ನಿಲ್ಲಿಸಿದ್ದವು.

ಈ ಪ್ರಶ್ನೆ ನನ್ನ ಪರೀಕ್ಷೆಯಲ್ಲಿಯೂ ಬಂದಿತ್ತು. ಉತ್ತರ 'ಸಿ' ಎಂದು ನನಗೆ ನೆನಪಿತ್ತು!

ಅಂದು ಸಂಜೆ ಚೌಕಟ್ಟನ್ನು ಗೋಡೆಯಿಂದ ಇಳಿಸಿದೆ. ಮುಂದಿನ ಆರು ತಿಂಗಳು ಕಚೇರಿ ಮುಗಿದ ಮೇಲೆ, ಅವರ ರೈಲು ಬರುವವರೆಗೆ, ಅವರ ಪಕ್ಕದಲ್ಲಿ ಕುಳಿತು ಕಲಿತೆ. ಅಲ್ಲಿಯವರೆಗೆ 'ಏ ಹುಡುಗ' ಎನ್ನುತ್ತಿದ್ದವನು ಆಮೇಲೆ ಅವರನ್ನು ಏಕವಚನದಲ್ಲಿ ಕರೆಯಲಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಸರಿಸಮನಾಗಿ ಕುಳಿತ ಅನುಭವ ಮಂಟಪದ ಬಗ್ಗೆ ನಾನು ಎಷ್ಟೋ ಸಲ ಭಾಷಣ ಮಾಡಿದ್ದೆ. ಒಬ್ಬ ಗಣಿ ಕಾರ್ಮಿಕನ ಮಗನ ಎದುರು ಶಿಷ್ಯನಾಗಿ ಕೂರಲು ನನಗೆ ನಲವತ್ತೇಳು ವರ್ಷ ಬೇಕಾಯಿತು.

ಆ ಕದ್ದ ಪ್ರಶ್ನೆಗಳ ಕಟ್ಟಿಗೆ ಹುಡುಗರು 'ಡಂಪ್' ಎನ್ನುತ್ತಾರೆ. ಕೆ.ಜಿ.ಎಫ್.ನವರಿಗೆ ಈ ಪದ ಬೇರೆ ರೀತಿಯಲ್ಲಿ ಗೊತ್ತು. ಚಿನ್ನ ತೆಗೆದುಕೊಂಡ ಮೇಲೆ ಸುರಿದ ಪುಡಿಮಣ್ಣಿನ ಗುಡ್ಡಕ್ಕೆ ಸೈನೈಡ್ ಡಂಪ್ ಎನ್ನುತ್ತೇವೆ. ಗಾಳಿ ಬಂದರೆ ಕಣ್ಣಿಗೆ ಬೀಳುತ್ತದೆ.

ಮಕ್ಕಳು ಈ ದಾರಿ ಹಿಡಿಯುವುದು ಸೋಮಾರಿತನದಿಂದ ಎಂದು ಬೈಯಬೇಡಿ. ಸಿಸ್ಕೊ ಕಂಪನಿಯ ಸಿ.ಸಿ.ಎನ್.ಎ. ಪರೀಕ್ಷೆಯ ಶುಲ್ಕ 300 ಡಾಲರ್. ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಅದು ಸಣ್ಣ ಮೊತ್ತವಲ್ಲ. ಫೇಲಾದರೆ ಮನೆಯವರಿಗೆ ಏನು ಹೇಳುವುದೆಂಬ ಭಯ. ಆದರೆ ಡಂಪ್ ಬಳಸಿದ್ದು ಗೊತ್ತಾದರೆ ಪಡೆದ ಸರ್ಟಿಫಿಕೇಟೇ ರದ್ದಾಗಬಹುದು. ಗೊತ್ತಾಗದಿದ್ದರೂ ಮೂರು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ, ಮತ್ತೆ ನವೀಕರಿಸಬೇಕು. ಅರಿವು ಇಲ್ಲದವನು ಮತ್ತೆ ಡಂಪಿಗೇ ಹೋಗಬೇಕು.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಈಗ ಮಾಡುತ್ತಿರುವ ಕೆಲಸಕ್ಕೆ ಹತ್ತಿರವಾದ ಪರೀಕ್ಷೆಯನ್ನೇ ಆರಿಸಿಕೊಳ್ಳಿ. ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನ ಮಾಡಿ ನೋಡುವ ಅವಕಾಶ ದುಡಿಯುವವರಿಗೆ ಮಾತ್ರ ಇದೆ. ಕಾಲೇಜಿನ ಹುಡುಗರಿಗೆ ಆ ಭಾಗ್ಯವಿಲ್ಲ. ಎರಡನೆಯದು, ಹಣ ಕಟ್ಟುವ ಮೊದಲು ಉಚಿತವಾಗಿ ಸಿಗುವುದನ್ನು ಮುಗಿಸಿ. ಐ.ಐ.ಟಿ.ಗಳು ಮತ್ತು ನಮ್ಮ ಐ.ಐ.ಎಸ್ಸಿ. ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳಿಗೆ ಶುಲ್ಕವಿಲ್ಲ, ಪರೀಕ್ಷೆ ಬರೆಯುವವರು ಮಾತ್ರ ಕಟ್ಟಬೇಕು. ನೆಟ್‌ವರ್ಕ್ ಕಲಿಯುವವರಿಗೆ ಪ್ಯಾಕೆಟ್ ಟ್ರೇಸರ್ ಎಂಬ ಉಚಿತ ತಂತ್ರಾಂಶವಿದೆ. ಸ್ವಿಚ್, ತಂತಿ ಯಾವುದನ್ನೂ ಕೊಳ್ಳದೆ ಎಲ್ಲವನ್ನೂ ತೆರೆಯ ಮೇಲೆ ಜೋಡಿಸಿ, ಕೆಡಿಸಿ, ಸರಿಪಡಿಸಬಹುದು. ಮೂರನೆಯದು, ಕೈಯಿಂದ ಮಾಡಿ ತೋರಿಸುವ ಪರೀಕ್ಷೆಗಳ ಕಡೆ ಗಮನ ಕೊಡಿ. ರೆಡ್ ಹ್ಯಾಟ್‌ನವರ ಲಿನಕ್ಸ್ ಪರೀಕ್ಷೆಯಲ್ಲಿ ಎ, ಬಿ, ಸಿ ಎಂದು ಗುರುತು ಹಾಕುವಂತಿಲ್ಲ, ಯಂತ್ರದ ಮುಂದೆ ಕುಳಿತು ಕೆಲಸ ಮುಗಿಸಬೇಕು. ನಮ್ಮ ವೈಂಡಿಂಗ್ ಡ್ರೈವರ್‌ಗಳು ಅದನ್ನು ಮೆಚ್ಚುತ್ತಿದ್ದರು.

ತಾಯಿ ತಂದೆಯರಲ್ಲಿ ಒಂದು ಬಿನ್ನಹ. ಮಗ ಎಷ್ಟು ಸರ್ಟಿಫಿಕೇಟ್ ತಂದ ಎಂದು ನೆಂಟರ ಮುಂದೆ ಎಣಿಸಬೇಡಿ. ಇಂದು ಏನನ್ನು ಸರಿಮಾಡಿದೆ ಎಂದು ಕೇಳಿ. ಮೊದಲ ಸಲ ಫೇಲಾದ ಮಗಳಿಗೆ ಊಟ ಬಡಿಸಿ, ಇನ್ನೊಂದು ಸಲ ಕಟ್ಟು ತಾಯಿ ಎನ್ನಿ.

ಕೊನೆಯದಾಗಿ ಪೂಜ್ಯರಲ್ಲಿ ಒಂದು ಕೋರಿಕೆ. ದಾಸೋಹವೆಂದರೆ ಅನ್ನದ ಜೊತೆಗೆ ಅರಿವನ್ನೂ ಹಂಚುವುದೆಂದು ನಾವು ಹೇಳುತ್ತಾ ಬಂದಿದ್ದೇವೆ. ಮಠದ ಒಂದು ಕೋಣೆಯನ್ನು ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೊಡಿಸಬೇಕು. ನಾಲ್ಕು ಹಳೆಯ ಕಂಪ್ಯೂಟರ್, ಒಂದು ಸ್ವಿಚ್ ನಾನು ತರುತ್ತೇನೆ. ನನಗೆ ಕಲಿಸಿದವರು ಈಗ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ತಿಂಗಳಿಗೊಮ್ಮೆ ಬರಲು ಒಪ್ಪಿದ್ದಾರೆ. ಬಾಗಿಲಲ್ಲಿ ನಿಂತು ಯಾರ ಜಾತಿಯನ್ನೂ, ಯಾರ ಮನೆಮಾತನ್ನೂ ಕೇಳಬಾರದು. ಕಲಿಯಲು ಬಂದವರೆಲ್ಲ ನಮ್ಮವರೇ.

ಮೊದಲ ಭಾನುವಾರ ನಾನೇ ಬೇಗ ಬಂದು ಒಂದು ತಂತಿಯ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸಿ ಇಟ್ಟಿರುತ್ತೇನೆ. ಬಂದವರು ಹುಡುಕಲಿ.