ಹುಳಿತ ಬೆಲ್ಲದ ನೀರು

2019ರ ಆಗಸ್ಟಿನಲ್ಲಿ ನಮ್ಮ ಕೊಣ್ಣೂರಿಗೆ ನುಗ್ಗಿದ ಮಲಪ್ರಭೆ ಇಳಿದ ಮೇಲೆ, ಕೊಳೆತ ಕಾಳಿನ ಬೆನ್ನುಹತ್ತಿ ನೊಣಗಳು ಬಂದವು. ಕೂಸಿನ ಹಾಲಿನ ಬಟ್ಟಲಿಗೆ ಒಬ್ಬರು ಕಾವಲು ಕೂಡ್ರಬೇಕಾಯಿತು. ತಿಪ್ಪೆಯಿಂದೆದ್ದ ನೊಣ ಅನ್ನದ ಮೇಲೆ ಕೂತರೆ ಆಮಶಂಕೆ, ವಾಂತಿಭೇದಿಗಳಿಗೆ ದಾರಿಯಲ್ಲವೆ?

ನಾನೊಂದು ಅಗಲಬಾಯಿಯ ಸೀಸೆಯಲ್ಲಿ ಬೆಲ್ಲದ ನೀರು ಹಾಕಿ, ಬಾಯಿಗೆ ಕಾಗದದ ಲಾಳಿಕೆ ಇಳಿಬಿಟ್ಟೆನು. ಮೊದಲ ದಿನ ಬಿದ್ದವು ನಾಲ್ಕೇ ನಾಲ್ಕು! ಪಂಡಿತರ ತರ್ಕ ಸೋತಿತೆಂದು ಮನೆಯವರು ನಕ್ಕರು. ಮೂರನೆಯ ದಿನ ನೀರು ಹುಳಿತು ನೊರೆಯೆದ್ದಿತು, ಸೀಸೆ ಕಪ್ಪಾಯಿತು. ಸಿಹಿಯನ್ನು ನೊಣ ಕಾಲಿನಿಂದ ಮುಟ್ಟಿಯೂ ಅರಿಯುತ್ತದೆ. ಆದರೆ ದೂರದಿಂದ ಅದನ್ನು ಕರೆಯುವುದು ವಾಸನೆ. ಅದನ್ನು ಹಿಡಿಯುವುದು ಅದರ ಕುಡಿಮೀಸೆ. ಕಳಿತ ಬಾಳೆಹಣ್ಣಾದರೂ ಆದೀತು.

ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಸೀಸೆಯನ್ನು ಅಡುಗೆಮನೆಯ ಕಿಟಕಿಯಲ್ಲೇ ಇಟ್ಟಿದ್ದೆನು. ಹೊರಗಿದ್ದ ನೊಣಗಳಿಗೆಲ್ಲ ಅದು ಔತಣವಾಯಿತು! ಹಿತ್ತಲಿನ ತಿಪ್ಪೆಯ ಬಳಿಗೆ ಒಯ್ದ ಮೇಲೆಯೇ ಒಳಗಿನ ಹಾವಳಿ ತಗ್ಗಿದ್ದು. ಹೆಣ್ಣುನೊಣ ಒಮ್ಮೆಗೆ 100ರಿಂದ 150 ಮೊಟ್ಟೆಯಿಡುತ್ತದೆ. ಬೇಸಿಗೆಯಲ್ಲಿ ಹತ್ತು ದಿನದೊಳಗೆ ಅವು ರೆಕ್ಕೆ ಬಿಚ್ಚುತ್ತವೆ. ಆದ್ದರಿಂದ ನಾವೀಗ ವಾರಕ್ಕೊಮ್ಮೆ ತಿಪ್ಪೆಯನ್ನು ಹೊಲಕ್ಕೆ ಸಾಗಿಸುತ್ತೇವೆ. ಸೀಸೆ ಮಾತ್ರ ಹಿತ್ತಲಲ್ಲೇ ಇದೆ.